ಗೋಲಿ

ತಣ್ಣೀರುಹಳ್ಳದ ಆ ಮನೆಗೆ
ಬ್ರೋಕರ್ ಹಿರಿಯಣ್ಣ ಕರೆತಂದ ಇಂಜಿನಿಯರು
ಚಪ್ಪಲಿ ಬಿಡುವ ಮೊದಲೇ ಅಂದಿದ್ದ: "ಬಂಗಾರ!"

ಫಿಲೋಮಿನಾ ಮೇಡಂ ಹಾಗಲ್ಲ.
ಸಾಲಗಾಮೆ ರಸ್ತೆಯಿಂದ ಸ್ಕೂಟಿಯಲ್ಲಿ ಬಂದು
ಗೇಟಲ್ಲೇ ಹೇಳಿದರು:
"ಕೊಂಡರೂ ಮೂರು ಸಾವಿರ, ಬಿಟ್ಟರೂ ಮೂರು ಸಾವಿರ.
ಮೊದಲೇ ಕೊಡಿ."

ಕೊಟ್ಟೆ. ಹೊಟ್ಟೆ ಉರಿಯಿತು.

ನಾಣ್ಯದಲ್ಲಿ ಟೈಲ್ಸ್ ಬಡಿದು ಕಿವಿಗೊಟ್ಟರು:
ಕೆಲವು ಟಕ್, ಕೆಲವು ಡಬ್.
ಸಂಪಿನೊಳಗೆ ಟಾರ್ಚು ಬಿಟ್ಟರು.
ಬಡಗಣ ಗೋಡೆಗೆ ಅಂಗೈ ಒತ್ತಿ
"ಇದೊಂದಕ್ಕೇ ಯಾಕೆ ಹೊಸ ಬಣ್ಣ?"
ಕೇಳಿದ್ದು ನನ್ನನ್ನಲ್ಲ.
ಹಿರಿಯಣ್ಣನ ಫೋನು ಆಗಲೇ ರಿಂಗಾಗಬೇಕೆ!

ಆಮೇಲೆ ಬ್ಯಾಗಿನಿಂದ ಒಂದು ಗೋಲಿ ತೆಗೆದು
ಹಾಲಿನ ನಡುವೆ ಇಟ್ಟರು. ಅಷ್ಟೆ.
ತಳ್ಳಲಿಲ್ಲ.

ದೇವರ ಗೂಡಿಗೆಂದು
ನಾನು ಮನಸಲ್ಲೇ ಗುರುತಿಟ್ಟಿದ್ದ ಮೂಲೆಗೆ
ಅದು ತಾನೇ ಉರುಳಿ ಹೋಯಿತು,
ದಾರಿ ಗೊತ್ತಿದ್ದವರ ಹಾಗೆ.

ಮೇಡಂ ಬಗ್ಗಿ ಎತ್ತಿಕೊಂಡರು.
ಸೆರಗಲ್ಲಿ ಧೂಳೊರೆಸಿದರು.
ರಸೀದಿ ಬರೆದರು.