ಮುಂದಿನವನ ಬೆನ್ನು

ಕೋಟೆಯ ಹಳೆ ಗೋಡೆ ಬುಡದಿಂದ ತಂದ ಮಣ್ಣು.
ಚಿಟಿಕೆ ಎತ್ತಿ ನಾಲಿಗೆಗಿಡುತ್ತಾನೆ ದಸ್ತಗೀರ ಕಾಕಾ,
ಕಣ್ಣು ಮುಚ್ಚುತ್ತಾನೆ, ಉಗುಳುತ್ತಾನೆ.
"ಇದು ಬಿಸಲು ಕಂಡದ. ಒಯ್ದು ಚೆಲ್ಲು."

ಬಿಸಿಲು ಮಳೆ ಎರಡೂ ಕಾಣದ್ದೇ ಬೇಕು ಬಿದರಿಗೆ,
ನವಸಾಗರ ಬೆರೆಸಿ ತಿಕ್ಕಿದರೆ
ಸತುವೆಲ್ಲ ಕಪ್ಪಾಗಿ
ಬೆಳ್ಳಿಯೆಳೆ ಮಾತ್ರ ಬೆಳ್ಳಗೆ ಉಳಿಯುವಂಥದು.
ಆರು ತಿಂಗಳಾಯಿತು ನಾನು ಕಲಿಯಲು ಬಂದು;
ನನ್ನ ನಾಲಿಗೆಗೆ ಎಲ್ಲ ಮಣ್ಣೂ ಮಣ್ಣೇ.

ಹನ್ನೊಂದರ ಹೊತ್ತಿಗೆ ತರಬೇತಿ ವಿಮಾನಗಳು
ಬೀದರದ ಮೇಲೆ ಗೆರೆ ಕೊರೆಯುತ್ತವೆ.
ಓಣಿಯಲ್ಲಿ ಯಾರೂ ತಲೆ ಎತ್ತುವುದಿಲ್ಲ.
ಕಾಕಾನ ಉಳಿ ಮಾತ್ರ ನಿಲ್ಲುತ್ತದೆ,
ಹೂವಿನ ಅರ್ಧ ಎಸಳಲ್ಲಿ.
"ಇವು ಸಣ್ಣವು. ನಾವು ಕುಂತದ್ದು ದೊಡ್ಡದಿತ್ತು,
ಹೊಟ್ಟಿ ತುಂಬ ಎಣ್ಣಿ ವಾಸನಿ, ವಾಂತಿ ವಾಸನಿ."

ಎಪ್ಪತ್ತೊಂದು. ಡಿಸೆಂಬರ್.
ಎದೆಗೊಂದು ಗಂಟು, ಬೆನ್ನಿಗೊಂದು, ಕಾಲಿಗೆ ಕಟ್ಟಿದ ಚೀಲ.
"ಅಗಸರ ಕತ್ತಿಗಿ ಹೇರಿದಂಗ ಹೇರಿದ್ರು."
ಹೆದರಿಕಿ ಬಂದಿತ್ತೇನ್ ಕಾಕಾ?
"ಒಂದಕ್ಕ ಹೋಗಬೇಕನ್ನಿಸಿತ್ತು.
ಅಷ್ಟ. ಎಲ್ಲಾರಿಗೂ."

ಎದ್ದು ನಿಲ್ಲಿ ಅಂದರು. ಕೊಕ್ಕೆ ತಂತಿಗೆ ಸಿಕ್ಕಿಸಿ ಅಂದರು.
ಆಮೇಲೆ ಒಬ್ಬೊಬ್ಬನೂ ತನ್ನ ಮುಂದಿನವನ ಬೆನ್ನು ನೋಡಬೇಕು,
ತನ್ನ ಬೆನ್ನು ತನಗೆ ಕಾಣುವುದಿಲ್ಲವಲ್ಲ.
ದಾರ ಸಿಕ್ಕಿಲ್ಲ, ಪಟ್ಟಿ ತಿರುಚಿಲ್ಲ:
ಭುಜಕ್ಕೊಂದು ಏಟು, ಒಂದು ಕೂಗು,
ಎಂಟು, ಸರಿ!

ಏಳನೆಯವನು ಔರಾದದ ಮಾಣಿಕ,
ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಬಯ್ಯುವವನು.
ಕುತ್ತಿಗೆ ಹಿಂದೆ ಒಂದು ಕುರು, ಪಟ್ಟಿ ತಾಗಿ ಕೆಂಪಗೆ.
ಕಾಕಾ ಪಟ್ಟಿಯನ್ನು ಒಂದು ಬೆರಳಷ್ಟು ಸರಿಸಿದ.
ಹಸಿರು ದೀಪ ಹತ್ತಿತು.

ಕೆಳಗೆ ಸಂಜೆ. ನೀರೇ ನೀರು, ನಡುನಡುವೆ ಗದ್ದೆ.
ಹಗ್ಗದ ಉದ್ದದಿಂದ ಬಾವಿಯ ನೀರಳೆದು ಬೆಳೆದವನಿಗೆ
"ಇಷ್ಟು ನೀರು ಯಾರಪ್ಪನ ಮನೀದು ಅನ್ನಿಸ್ತು."

ಬಿದ್ದ. ತೊಡೆಮಟ್ಟ ಕೆಸರು, ಬಾಯಿ ತುಂಬ ಕೆಸರು.
ಬಂದೂಕಿಗೆ ಕೈ ಹೋಗುವ ಮೊದಲೇ
ಏಳು ತಲೆಮಾರಿನ ನಾಲಿಗೆ ತನ್ನ ಕೆಲಸ ಮಾಡಿತು:
ಬಿಸಿಲು ಕಂಡದ್ದು. ಮಳೆ ಕುಡಿದದ್ದು. ಸಿಹಿ.
ಬೆಳ್ಳಿ ಕೆಲಸಕ್ಕೆ ಬಾರದ್ದು.

ಆ ರಾತ್ರಿ ಸೇತುವೆಯ ಬಗ್ಗೆ ಮೂರೇ ಮಾತು ಹೇಳುತ್ತಾನೆ.
"ಹಿಡದ್ವಿ. ಬಂದ್ರು. ಬಿಡಲಿಲ್ಲ."
ಎಡಗೈಯ ಎರಡು ಬೆರಳು ಅಲ್ಲೇ ಉಳಿದವು.
ಮಿಕ್ಕ ಮೂರರಲ್ಲಿ ಈಗ ಬೆಳ್ಳಿ ತಂತಿ ಹಿಡಿಯುತ್ತಾನೆ,
ಕೂದಲಿಗಿಂತ ಸಣ್ಣದು.

ಮಾಣಿಕನ ಕೊಡೆ ಸರಿಯಾಗೇ ಬಿಚ್ಚಿತ್ತು. ಕಣ್ಣಾರೆ ಕಂಡಿದ್ದ.
ಇಳಿದದ್ದು ಮಾತ್ರ ಕೆರೆಗೆ, ಹೇರಿದ್ದೆಲ್ಲದರ ಸಮೇತ.
ಹಸಿರು ಬಟ್ಟೆ ಹಸಿರು ಪಾಚಿಯ ಮೇಲೆ ಹಾಸಿ
ಯಾವುದು ಯಾವುದೆಂದು ತಿಳಿಯುವಾಗ ಬೆಳಗಾಗಿತ್ತು.

"ನನ್ನ ಕೆಲಸ ನಾ ಸರಿ ಮಾಡಿದ್ದೆ."
ವರ್ಷಕ್ಕೊಮ್ಮೆ ಔರಾದಕ್ಕೆ ಹೋಗಿ
ಮಾಣಿಕನ ತಾಯಿಗೂ ಇದನ್ನೇ ಹೇಳುತ್ತಿದ್ದನಂತೆ.
ಆಕೆ ರೊಟ್ಟಿ ಬಡಿಯುತ್ತ, ಒಲೆಯಿಂದ ಮುಖ ಎತ್ತದೆ,
"ಗೊತ್ತದಪ್ಪಾ. ಉಣ್ಣು."
ಹದಿನೇಳು ವರ್ಷ ಉಂಡ.
ಹದಿನೆಂಟನೆಯದಕ್ಕೆ ಮನೆಗೆ ಬೀಗ ಇತ್ತು.

ಸಂಜೆ ಚೀಲ ಹೆಗಲಿಗೇರಿಸಿ ಚೌಬಾರದ ಕಡೆ ಹೊರಟೆ.
"ನಿಲ್ಲು."
ತಿರುಚಿದ ಪಟ್ಟಿಯನ್ನು ಮೂರು ಬೆರಳಲ್ಲಿ ಬಿಡಿಸುತ್ತಾನೆ.
ಶಾಲೆಗೆ ಹೊರಟ ಮೊಮ್ಮಕ್ಕಳಿಗೂ ಹೀಗೇ,
ಹೈದರಾಬಾದಿನ ಗಿರಾಕಿಗೂ, ಹಾಲಿನವನಿಗೂ.
ಓಣಿ ನಗುತ್ತದೆ.
ಭುಜಕ್ಕೊಂದು ಏಟು. ಕೂಗಿಲ್ಲ,
ತುಟಿ ಮಾತ್ರ ಅಲ್ಲಾಡುತ್ತದೆ.

ಮೆಟ್ಟಿಲಿಳಿದವಳು ಇವತ್ತು ಹಿಂತಿರುಗಿ ನೋಡಿದೆ.
ಒಲೆಯ ಕಡೆ ತಿರುಗಿದ ಅವನ ಬೆನ್ನು,
ಮಸಿ ಹತ್ತಿದ ಬನಿಯನ್,
ಹೆಗಲ ಹತ್ತಿರ ಒಂದು ಗೇಣು ಹೊಲಿಗೆ ಬಿಚ್ಚಿದೆ.
ನಾಳೆ ಬರುವಾಗ
ಸೂಜಿ ದಾರ ತರಬೇಕು.