ಬಿಳಿ ಫ್ಲಾನೆಲ್

ಒಂದು ಮೀಟರ್ ಫ್ಲಾನೆಲ್, ಅಂಚಿಗೊಂದು ಬಿದಿರ ಕೋಲು.
ದರಗಿನ ಮೇಲೆ ಎಳೆಯುತ್ತ ಹೋಗುವುದು ನನ್ನ ಕೆಲಸ.
ಹತ್ತು ಹೆಜ್ಜೆ. ನಿಲ್ಲು. ಮಗುಚು. ಎಣಿಸು.
ದಿನಗೂಲಿ. ಬೂಟು ಅವರದು, ಹಚ್ಚಿಕೊಳ್ಳುವ ಎಣ್ಣೆ ಅವರದು,
ಕಾಲು ನನ್ನದು.

ಈ ಉಣುಗಿಗೆ ಕಣ್ಣಿಲ್ಲವಂತೆ.
ಹುಲ್ಲಿನ ತುದಿಗೇರಿ ಮುಂಗಾಲೆರಡೂ ಮೇಲೆತ್ತಿ ಕಾಯುತ್ತದೆ,
ಸಂತೆ ಬಸ್ಸಿಗೆ ಕೈ ಅಡ್ಡ ಹಿಡಿದವರ ಹಾಗೆ.
ದನವೋ, ಮಂಗವೋ, ಇಲಿಯೋ, ನಾನೋ,
ಬಂದದ್ದನ್ನು ಹತ್ತುವುದಷ್ಟೇ.
ಬಟ್ಟೆ ಬಂದರೆ ಬಟ್ಟೆ.
ಈ ಪ್ರಾಣಿಯೊಳಗೆ ರಕ್ತವಿಲ್ಲ ಎಂದು
ಅದಕ್ಕೆ ಯಾರು ಹೇಳಬೇಕು?

ಸೊರಬದ ಆಚೆಯ ಕಾಡು. ಜನವರಿ.
ಇಬ್ಬನಿ ಆರುವ ಹೊತ್ತು.
ಮುಂದೆ ಕೆರಿಯಪ್ಪ, ಕತ್ತಿಯಲ್ಲಿ ಮುಳ್ಳು ಸವರುತ್ತ,
ಸತ್ತ ಮಂಗವನ್ನು ಎರಡು ತಿರುವಿನಾಚೆಯೇ ಹಿಡಿಯುವ ಮೂಗು.
ಹಿಂದೆ ರುಖಿಯಾ ಮೇಡಂ, ಭದ್ರಾವತಿಯವರು,
ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿಕೊಂಡು,
ನಿಂತಲ್ಲೆಲ್ಲ ಫೋನಿನಲ್ಲಿ ಜಾಗ ಗುರುತು ಮಾಡುತ್ತ.

ಸಾಸಿವೆಗಿಂತ ಸಣ್ಣದು.
ಚಿಮಟದಲ್ಲಿ ಹಿಡಿಯಬೇಕು, ಕಾಲು ಮುರಿಯದಂತೆ.
ಸೀಸೆಯೊಳಗೊಂದು ಹಸಿ ಎಲೆಯ ಚೂರು,
ಶಿವಮೊಗ್ಗದ ಲ್ಯಾಬು ಮುಟ್ಟುವತನಕ ಒಣಗಿ ಸಾಯಬಾರದು.
ಇವಕ್ಕೂ ದಾರಿಬುತ್ತಿ!

ನನಗೆ ಒಂಬತ್ತು, ಭರ್ಮಿಗೆ ಆರು.
ಕೊಟ್ಟಿಗೆಗೆ ದರಗು ಗುಡಿಸಲು ಬಂದದ್ದು ಇಲ್ಲಿಗೇ.
ತುಂಬಿದ ಜಲ್ಲೆಯೊಳಗೆ ಹಾರಿ ಕೂತು
ನನ್ನನ್ನೂ ಹೊತ್ಕೊಂಡು ಹೋಗು ಅಂದಿದ್ದಳು.
ವಾರ ಕಳೆಯುವಷ್ಟರಲ್ಲಿ ಇಬ್ಬರಿಗೂ ಜ್ವರ.
ಹಣೆಯೊಳಗೆ ಒನಕೆ. ಒಸಡಿನಲ್ಲಿ ರಕ್ತ.
ಒಂದೇ ಚಾಪೆ, ಒಂದೇ ಕಂಬಳಿ.
ನಾನು ಎದ್ದೆ.

ಅವಳ ಫೋಟೋ ಇಲ್ಲ.
ಶಾಲೆಗೆ ಸೇರಿಸಿರಲಿಲ್ಲ, ಎಲ್ಲೂ ಹೆಸರಿಲ್ಲ.
ಅವ್ವ ಹೋದ ಮೇಲೆ ಭರ್ಮಿ ಅನ್ನುವ ಬಾಯಿಯೂ ಇಲ್ಲ.
ಕೆಲವು ರಾತ್ರಿ ನನಗೇ ಅನುಮಾನ,
ಇದ್ದಳೋ, ನಾನೇ ಕಟ್ಟಿಕೊಂಡೆನೋ.

ಹೋದ ವರ್ಷ ಮೇಡಂ ನನ್ನ ತೋಳಿನಿಂದ
ಒಂದು ಸಿರಿಂಜು ರಕ್ತ ತೆಗೆದರು. ಹಳೇ ರೋಗಿಗಳ ಪಟ್ಟಿಯಂತೆ.
ಟ್ಯೂಬಿನ ಮೇಲೆ ನನ್ನ ಹೆಸರಲ್ಲ, ನಂಬರು: ನಲವತ್ತೊಂದು.
ಮಳೆಗಾಲ ಕಳೆದು ಬಂದು, ಹಾಳೆ ಮಡಚುತ್ತ, ತಾವೇ ಬೆರಗಾದವರಂತೆ,
"ಮೂವತ್ತೆಂಟು ವರ್ಷ ಆಯ್ತಲ್ಲಕ್ಕಾ,
ನಿಮ್ಮ ರಕ್ತ ಇನ್ನೂ ಮರ್ತಿಲ್ಲ.
ಆ ವೈರಸ್ಸನ್ನ ಎದುರಿಗಿಟ್ರೆ ಗುರುತು ಹಿಡೀತದೆ."

ಆ ಒಂದು ಸಲದ್ದೇನಾ ಮೇಡಂ? ಆವತ್ತಿಂದು?
ಅವರು ಸುಳ್ಳು ಹೇಳುವವರಲ್ಲ.
"ಆವತ್ತಿಂದೋ, ಆಮೇಲೆ ಮತ್ತೆ ಕಚ್ಚಿದ್ದೋ,
ಹೇಳಕ್ಕಾಗಲ್ಲ."

ಹೊಸ ಲಸಿಕೆಯ ಪರೀಕ್ಷೆಗೆ ಜನ ಬೇಕಂದರು. ಹೋದೆ.
ನಿಮಗೆ ಬಂದು ಹೋಗಿದೆ, ನೀವು ಬೇಡ, ಎಂದರು.
ಕೆರಿಯಪ್ಪನ ಮಗಳು ಸಹಿ ಹಾಕಿದಳು.
ಕಾಡಿಗೆ ಹೋಗದೆ ಕಾಡನ್ನು ಕಲಿಯಬೇಕು ಅವಳ ರಕ್ತ.
ಫಲಿತಾಂಶಕ್ಕೆ ಇನ್ನೂ ಎಷ್ಟು ಬೇಸಿಗೆಯೋ.

ಇವತ್ತು ಇಪ್ಪತ್ತಮೂರು ಸಿಕ್ಕವು.

ಸಂಜೆ ಬಿಸಿನೀರು, ಸೋಪು.
ಬಟ್ಟೆ ಕುದಿಯಲು ಹಾಕಿ
ಒಬ್ಬರ ಬೆನ್ನು ಇನ್ನೊಬ್ಬರು ನೋಡಿ ಎನ್ನುತ್ತದೆ
ಗೋಡೆಗೆ ಅಂಟಿಸಿದ ಸೂಚನೆ.
ನನ್ನ ಮನೆಯಲ್ಲಿ ಕನ್ನಡಿಯೊಂದು ಇದೆ,
ಅಂಗೈಯಷ್ಟು.

ಕತ್ತಿನ ಹಿಂದೆ, ಕೂದಲು ಶುರುವಾಗುವಲ್ಲಿ
ಕೈಗೆ ಸಿಗುತ್ತದೆ, ಕಣ್ಣಿಗಿಲ್ಲ ಆ ಜಾಗ.
"ಇಲ್ಲೊಂದದೆ ಅಕ್ಕಾ, ಅಲ್ಲಾಡಬ್ಯಾಡ" ಎಂದು
ಉಗುರಿನಲ್ಲಿ ಮೀಟಿ ತೆಗೆದಿದ್ದಳು ಭರ್ಮಿ,
ಜಲ್ಲೆ ಇಳಿಸಿದ ಆ ಮಧ್ಯಾಹ್ನ.

ಆಮೇಲೆ ಅವಳು ಬೆನ್ನು ತಿರುಗಿಸಿ ಕೂತಳು.
ನನಗೆ ಹಸಿವಾಗಿತ್ತು,
ಒಳಗೆ ಓಡಿದೆ.