ಯಾವ ನೋಟ್‌ಬುಕ್ಕು?

ಡುಲೂತಿನ ಏಳನೇ ಕ್ಲಾಸು. ಕಿಟಕಿಯಾಚೆ
ಸರೋವರ ಅಂಚಿನಿಂದ ಹೆಪ್ಪುಗಟ್ಟುತ್ತಿದೆ.
ಒಂದೇ ಕೋಣೆಗೆ ಮೂರು ಜನ ಟೀಚರು,
ಮೂವರಿಗೂ ಸೇರಿ ಒಂದೇ ಮುಳುಗಿದ ಹಡಗು.

ಆಳ ಎಷ್ಟು ಮಾರು? ಹಾಲ್ವರ್ಸನ್ ಸರ್ ಗೆರೆ ಎಳೆದರು.
ಅಷ್ಟು ತಣ್ಣೀರಲ್ಲಿ ಹೆಣ ಮೇಲೆ ತೇಲಲ್ಲ,
ಅಂದರು ಪೆಲ್ಟೋಲಾ ಮೇಡಂ.
ಸರ್ ಕೈಯ ಸೀಮೆಸುಣ್ಣ ನಿಂತಿತು:
"ಹೌದಾ? ಯಾಕೆ?"

ಅಯ್ಯೋ, ಇವರಿಗೂ ಗೊತ್ತಿಲ್ಲ!
ಹಿಂದಿನ ಬೆಂಚು ಪೂರಾ ಮುಂದಕ್ಕೆ ಬಾಗಿತು.

ಡುಪ್ರೀ ಸರ್ ಹಡಗಿನವರ ಪಟ್ಟಿ ಓದಿದರು.
ಕಟ್ಟಕಡೆಗೆ, ಅಡುಗೆಯವನ ಕೈಯಾಳು,
ವಯಸ್ಸು ಹದಿಮೂರು.
ನನಗೆ ಬರುವ ಮಾರ್ಚಿಗೆ.

ಸೋಲ್ವೇಗ್ ಕೈ ಎತ್ತಿದಳು:
"ಇದನ್ನ ಯಾವ ನೋಟ್‌ಬುಕ್ಕಲ್ಲಿ ಬರೀಲಿ?"

ಮೂವರೂ ಮುಖ ಮುಖ ನೋಡಿಕೊಂಡರು.
ಗಂಟೆ ಹೊಡೆದದ್ದು
ಪಕ್ಕದ ಕ್ಲಾಸಿಗೆ ಕೇಳಿಸಿರಬೇಕು.